ಪಥ್ಯವೂ ಒಂದು ವಿದ್ಯೆ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಊರು ಬಿಟ್ಟು ದೂರ ಬಂದು ನೆಲೆಸಿದವರ ಮನೆಗಳಲ್ಲಿಯೂ ಹಬ್ಬದೂಟದ ಪಂಕ್ತಿಯಲ್ಲಿ ಹಿರಿಯರು ಈ ಮಾತನ್ನು ಒಮ್ಮೆಯಾದರೂ ಆಡುವುದುಂಟು. ಗಾದೆಯ ತೂಕವೆಲ್ಲ ಇರುವುದು ‘ಬಲ್ಲವನಿಗೆ’ ಎಂಬ ಪದದಲ್ಲಿ. ಬಲ್ಲವನಾಗಬೇಕಾದರೆ ಏನನ್ನು ಕಲಿಯಬೇಕು, ಎಷ್ಟು ಕಾಲ ಕಲಿಯಬೇಕು, ಕಲಿತವನೆಂಬುದಕ್ಕೆ ಪ್ರಮಾಣವೇನು ಎಂಬ ಪ್ರಶ್ನೆಗಳನ್ನು ಮಾತ್ರ ಪಂಕ್ತಿಯಲ್ಲಿ ಕುಳಿತವರಾರೂ ಕೇಳುವುದಿಲ್ಲ. ಔಷಧಕ್ಕೆ ವೈದ್ಯನಿದ್ದಾನೆ, ಮನೆ ಕಟ್ಟಲು ಇಂಜಿನಿಯರನಿದ್ದಾನೆ. ಊಟದ ವಿಷಯದಲ್ಲಿ ಮಾತ್ರ ಪ್ರತಿಯೊಬ್ಬನೂ ಪಂಡಿತನೇ ಎಂಬ ಭಾವನೆ ಸಮಾಜದಲ್ಲಿ ಬೇರೂರಿದೆ.

ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ನೌಕರಿಗಾಗಿಯೋ, ಬ್ಯಾಂಕಿನ ವರ್ಗಾವಣೆಯಿಂದಲೋ ಬಂದು ನೆಲೆಸಿದ ಒಂದು ಕುಟುಂಬವನ್ನು ಮನಸ್ಸಿಗೆ ತಂದುಕೊಳ್ಳಬಹುದು. ಮೂಲ ಮಂಡ್ಯದ ಕಡೆಯದು. ಮಗಳು ಹುಟ್ಟಿ ಬೆಳೆದುದೆಲ್ಲ ಇಲ್ಲಿಯೇ. ಬಿ.ಎಸ್‌ಸಿ. ಮುಗಿಸಿದ ಆಕೆ, ಪಥ್ಯಾಹಾರ ಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿ ನೋಂದಾಯಿತ ಡಯಟಿಷಿಯನ್ ಆಗುತ್ತೇನೆಂದು ಹೇಳುತ್ತಾಳೆ. ತಂದೆ ಹುಬ್ಬು ಗಂಟಿಕ್ಕಿ, “ಎಂ.ಬಿ.ಎ. ಮಾಡಬಾರದೇನಮ್ಮಾ?” ಎನ್ನುತ್ತಾರೆ. ಅಜ್ಜಿ ನಗುತ್ತಾ, “ಅಡುಗೆ ಕಲಿಯೋಕೆ ಬರೋಡಕ್ಕೆ ಯಾಕೆ ಹೋಗ್ಬೇಕು ಕಂದಾ? ನಾನು ಹೇಳಿಕೊಡೋಲ್ವೆ?” ಎಂದು ಕೇಳುತ್ತಾರೆ. ಇಂಥ ಸಂಭಾಷಣೆ ಯಾವ ಕನ್ನಡ ಮನೆಗೂ ಹೊಸದಲ್ಲ. ಅಜ್ಜಿಯ ಮಾತಿನಲ್ಲಿ ಕೇಡಿಲ್ಲ, ವಾತ್ಸಲ್ಯವಿದೆ. ಆದರೂ ಆ ಮಾತು ಎಷ್ಟು ತಪ್ಪು ಎಂಬುದನ್ನು ಅದೇ ಅಜ್ಜಿಯ ಅಡುಗೆಮನೆಯಿಂದಲೇ ತೋರಿಸಬಹುದು.

ಬಸ್ಸಾರಿನ ಪಾಠ

ಸೊಪ್ಪು, ಕಾಳುಗಳನ್ನು ಬೇಯಿಸಿ, ಬಸಿದು, ಬಸಿದ ನೀರಿನಿಂದ ಸಾರನ್ನೂ ಉಳಿದುದರಿಂದ ಪಲ್ಯವನ್ನೂ ಮಾಡುವ ಬಸ್ಸಾರು ಹಳೆಯ ಮೈಸೂರು ಸೀಮೆಯ ಹೆಮ್ಮೆ. ಉತ್ತರ ಕರ್ನಾಟಕದ ಕಟ್ಟಿನ ಸಾರೂ ಇದರ ಬಂಧುವೇ. ‘ಬೇಯಿಸಿದ ನೀರನ್ನು ಚೆಲ್ಲಬಾರದು, ಅದರಲ್ಲಿ ಸತ್ತ್ವವಿದೆ’ ಎಂಬುದು ತಲೆಮಾರುಗಳಿಂದ ಬಂದ ಗೃಹಿಣಿಯರ ತಿಳಿವಳಿಕೆ. ಆರೋಗ್ಯವಂತರ ಮಟ್ಟಿಗೆ ಅದು ಪೂರ್ಣ ಸತ್ಯ. ನೀರಿಗಿಳಿದ ಜೀವಸತ್ವಗಳೂ ಖನಿಜ ಲವಣಗಳೂ ಸಾರಿನ ಮೂಲಕ ದೇಹಕ್ಕೆ ಸಲ್ಲುತ್ತವೆ.

ಈಗ ಅದೇ ಮನೆಯ ಅಜ್ಜನಿಗೆ ಮೂತ್ರಪಿಂಡಗಳ ಶಕ್ತಿ ಕುಂದಿದೆ ಎಂದಿಟ್ಟುಕೊಳ್ಳಬಹುದು. ಹೆಚ್ಚಾದ ಪೊಟ್ಯಾಸಿಯಂ ಲವಣವನ್ನು ಹೊರಹಾಕಲಾರದ ದೇಹದಲ್ಲಿ ಅದು ರಕ್ತದಲ್ಲಿಯೇ ಸಂಚಯವಾಗುತ್ತದೆ. ಮಿತಿ ಮೀರಿದರೆ ಹೃದಯದ ಲಯ ತಪ್ಪಿ, ಹೃದಯವೇ ನಿಂತುಹೋಗಬಹುದು. ತರಕಾರಿಯಲ್ಲಿನ ಪೊಟ್ಯಾಸಿಯಂ ಬೇಯಿಸಿದ ನೀರಿಗೆ ಇಳಿಯುತ್ತದೆ. ಆದ್ದರಿಂದ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿರುವ ಇಂಥ ರೋಗಿಗೆ ತರಕಾರಿಯನ್ನು ಹೆಚ್ಚಿ, ಬಹಳ ನೀರಿನಲ್ಲಿ ನೆನೆಹಾಕಿ, ಬೇಯಿಸಿ, ಆ ನೀರನ್ನು ಚೆಲ್ಲಿಬಿಡಬೇಕೆಂಬುದೇ ಪಥ್ಯ. ಗೃಹಿಣಿಯ ವಿವೇಕ ಇಲ್ಲಿ ತಲೆಕೆಳಗಾಗುತ್ತದೆ. ಪಲ್ಯ ಮಿತವಾಗಿ ಸಲ್ಲಬಹುದು, ಸಾರು ಸಲ್ಲದು. ನಿಶ್ಶಕ್ತಿಯೆಂದು ಮೊಮ್ಮಗ ಪ್ರೀತಿಯಿಂದ ತಂದುಕೊಡುವ ಎಳನೀರು, ಬಾಳೆಹಣ್ಣು ಕೂಡ ಆತನಿಗೆ ಅಪಾಯಕಾರಿಯಾಗಬಲ್ಲವು. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಅಂಗಡಿಯಿಂದ ತಂದ ‘ಸೋಡಿಯಂ ಕಡಿಮೆಯಾದ ಉಪ್ಪಿ’ನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡು ಬೆರೆತಿರುತ್ತದೆಂಬುದು ಎಷ್ಟು ಮಂದಿಗೆ ತಿಳಿದಿದೆ?

ಇಷ್ಟಕ್ಕೇ ಮುಗಿಯಲಿಲ್ಲ. ಡಯಾಲಿಸಿಸ್ ಎಂಬ ರಕ್ತಶುದ್ಧೀಕರಣ ಆರಂಭವಾಗುವವರೆಗೆ ಇಂಥ ರೋಗಿಗೆ ಸಸಾರಜನಕವನ್ನು, ಎಂದರೆ ಪ್ರೋಟೀನನ್ನು, ಮಿತಗೊಳಿಸುವುದು ವಾಡಿಕೆ. ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ೦.೬ ರಿಂದ ೦.೮ ಗ್ರಾಂ ಸಾಕೆನ್ನುತ್ತಾರೆ. ಡಯಾಲಿಸಿಸ್ ಪ್ರಾರಂಭವಾಯಿತೆಂದರೆ ಲೆಕ್ಕ ಬದಲಾಗುತ್ತದೆ. ರಕ್ತ ಶುದ್ಧವಾಗುವಾಗ ಸಸಾರಜನಕದ ಅಂಶಗಳೂ ಸೋರಿಹೋಗುವುದರಿಂದ ೧.೦ ರಿಂದ ೧.೨ ಗ್ರಾಂ ಬೇಕಾಗುತ್ತದೆ. ೬೦ ಕಿಲೋ ತೂಕದ ವ್ಯಕ್ತಿಗೆ ಮೊದಲು ೩೬ ರಿಂದ ೪೮ ಗ್ರಾಂ, ಆಮೇಲೆ ೬೦ ರಿಂದ ೭೨ ಗ್ರಾಂ. ‘ಬೇಳೆ ಬೇಡ’ ಎಂದು ಹಿಂದೆ ಯಾರೋ ಹೇಳಿದ್ದನ್ನೇ ನಂಬಿ ಡಯಾಲಿಸಿಸ್ ಆರಂಭವಾದ ಮೇಲೂ ಅನ್ನ, ತಿಳಿಸಾರಿನಲ್ಲಿಯೇ ದಿನ ಕಳೆಯುವ ರೋಗಿ ಕ್ರಮೇಣ ಸೊರಗಿಹೋಗುತ್ತಾನೆ. ಅದೇ ಮನೆ, ಅದೇ ಮನುಷ್ಯ, ಅದೇ ರೋಗ. ಪಥ್ಯ ಮಾತ್ರ ಬೇರೆ. ಈ ವ್ಯತ್ಯಾಸವನ್ನು ಕಾಲಕ್ಕೆ ಸರಿಯಾಗಿ ಗುರುತಿಸಿ, ಲೆಕ್ಕ ಹಾಕಿ, ತಟ್ಟೆಯ ಊಟವಾಗಿ ಪರಿವರ್ತಿಸಿ ಹೇಳಬಲ್ಲವಳೇ ಡಯಟಿಷಿಯನ್. ಇದು ಅಡುಗೆ ಬಲ್ಲ ಮಾತ್ರಕ್ಕೆ ಬರುವ ವಿದ್ಯೆಯಲ್ಲ.

ವಿದ್ಯೆಯ ಹಿನ್ನೆಲೆ

ಈ ವಿದ್ಯೆ ಭಾರತಕ್ಕೆ ನಿನ್ನೆ ಮೊನ್ನೆ ಬಂದುದೂ ಅಲ್ಲ. ೧೯೧೮ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಕಾರಣವನ್ನು ಅರಸಲು ಒಂದು ಸಣ್ಣ ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ಅದೇ ಬೆಳೆದು, ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ೧೯೬೯ರಲ್ಲಿ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ಭಾರತೀಯರು ತಿನ್ನುವ ಧಾನ್ಯ, ಕಾಳು, ಸೊಪ್ಪುಗಳಲ್ಲಿ ಯಾವ ಅಂಶ ಎಷ್ಟಿದೆ ಎಂಬ ಕೋಷ್ಟಕಗಳು ಹೊರಬಂದುದು ಈ ಸಂಸ್ಥೆಯಿಂದಲೇ. ಅವುಗಳ ಪರಿಷ್ಕೃತ ರೂಪ ೨೦೧೭ರಲ್ಲಿ ಪ್ರಕಟವಾಯಿತು. ೧೦೦ ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ೧೦ ಮಿಲಿಗ್ರಾಮಿನ ಆಸುಪಾಸು ಮಾತ್ರ ಎಂದು ಇಂದು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು ಇಂಥ ಶ್ರಮದ ಫಲ.

ಕನ್ನಡ ನಾಡಿನ ಪಾಲೂ ಕಡಿಮೆಯದಲ್ಲ. ೧೯೫೦ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ದುಡಿದ ಎಂ. ಸ್ವಾಮಿನಾಥನ್ ಅವರು ಬರೆದ ಪೌಷ್ಟಿಕ ಆಹಾರ ಶಾಸ್ತ್ರದ ಪಠ್ಯಗಳನ್ನು ಓದಿ ದೇಶದ ಹಲವಾರು ಗೃಹವಿಜ್ಞಾನ ವಿದ್ಯಾರ್ಥಿನಿಯರು ಪದವಿ ಪಡೆದರು. ಮಾನಸ ಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೌಷ್ಟಿಕತೆಯ ಸ್ನಾತಕೋತ್ತರ ವಿಭಾಗವಿದೆ.

ಗುಜರಾತಿನಲ್ಲಿ ನೆಲೆಸಿದವರಿಗಂತೂ ಈ ವಿದ್ಯೆ ಮನೆಬಾಗಿಲಿನಲ್ಲಿಯೇ ಇದೆ ಎನ್ನಬಹುದು. ಅಹಮದಾಬಾದಿನಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದ ವಡೋದರಾದಲ್ಲಿ ೧೯೪೯ರಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಸ್ಥಾಪಿತವಾದಾಗ ಅದರ ಕುಲಪತಿಗಳಾದ ಹಂಸಾ ಮೆಹತಾ ಅವರು ಗೃಹವಿಜ್ಞಾನಕ್ಕೆ ಒಂದು ಪ್ರತ್ಯೇಕ ನಿಕಾಯವನ್ನೇ ರೂಪಿಸಲು ಕಾರಣರಾದರು. ಹೆಣ್ಣುಮಕ್ಕಳ ಮನೆಗೆಲಸವೆಂದು ಬದಿಗೊತ್ತಲ್ಪಟ್ಟಿದ್ದ ವಿಷಯವೊಂದನ್ನು ವಿಶ್ವವಿದ್ಯಾಲಯದ ವಿಜ್ಞಾನವಾಗಿ ಎತ್ತಿ ನಿಲ್ಲಿಸಿದ ಸಾಹಸವದು. ಆ ನಿಕಾಯದ ಹೆಸರು ಇಂದು ಬದಲಾಗಿದೆ. ಅದರ ಆಹಾರ ಮತ್ತು ಪೌಷ್ಟಿಕತೆಯ ವಿಭಾಗ ದೇಶದಲ್ಲಿ ಹೆಸರುವಾಸಿಯಾದುದು. ಅಜ್ಜಿ ‘ಬರೋಡಕ್ಕೆ ಯಾಕೆ’ ಎಂದು ಕೇಳಿದರೆ ಇದೇ ಉತ್ತರ.

ನೋಂದಣಿಯ ಮಹತ್ತ್ವ

ಸ್ನಾತಕೋತ್ತರ ಅಧ್ಯಯನವೆಂದರೆ ಎರಡು ವರ್ಷಗಳ ಕಾಲ ಜೀವರಸಾಯನ ಶಾಸ್ತ್ರ, ಶರೀರಕ್ರಿಯಾ ಶಾಸ್ತ್ರ, ರೋಗಗಳಿಗನುಗುಣವಾದ ಪಥ್ಯ, ಸಾಮುದಾಯಿಕ ಪೌಷ್ಟಿಕತೆ, ಸಂಖ್ಯಾಶಾಸ್ತ್ರ ಮುಂತಾದವುಗಳ ವ್ಯಾಸಂಗ. ಬಾಯಿಂದ ಉಣ್ಣಲಾಗದ ರೋಗಿಗೆ ನಳಿಕೆಯ ಮೂಲಕ ಆಹಾರ ಕೊಡುವ ಲೆಕ್ಕಾಚಾರ, ನೂರಾರು ಹಾಸಿಗೆಗಳ ಆಸ್ಪತ್ರೆಯ ಅಡುಗೆಮನೆಯ ನಿರ್ವಹಣೆ ಇವೂ ಅದರಲ್ಲಿ ಸೇರಿವೆ. ಅನಂತರ ಆಸ್ಪತ್ರೆಯೊಂದರಲ್ಲಿ ಕೆಲವು ತಿಂಗಳ ತರಬೇತಿ. ೧೯೬೩ರಲ್ಲಿ ಹುಟ್ಟಿದ ಭಾರತೀಯ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ‘ರಿಜಿಸ್ಟರ್ಡ್ ಡಯಟಿಷಿಯನ್’ ಎಂಬ ಮನ್ನಣೆ ಲಭಿಸುತ್ತದೆ. ೨೦೨೧ರಲ್ಲಿ ಸಂಸತ್ತು ಅಂಗೀಕರಿಸಿದ ಸಹ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ, ಡಯಟಿಷಿಯನ್ನರನ್ನೂ ಆರೋಗ್ಯ ವೃತ್ತಿಪರರ ಸಾಲಿನಲ್ಲಿ ಹೆಸರಿಸಿ, ಅವರ ನೋಂದಣಿಗೆ ಶಾಸನದ ಆಧಾರವನ್ನು ಕಲ್ಪಿಸಿತು.

ಅಮೆರಿಕೆಯಲ್ಲಿ ಈ ವೃತ್ತಿಯವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೭ರಲ್ಲಿಯೇ, ಸಂಘ ಕಟ್ಟಿಕೊಂಡರು. ಅಲ್ಲಿ ೨೦೨೪ನೆಯ ಜನವರಿ ೧ರಿಂದ, ಹೊಸದಾಗಿ ನೋಂದಣಿ ಪರೀಕ್ಷೆಗೆ ಕುಳಿತುಕೊಳ್ಳಲು ಸ್ನಾತಕೋತ್ತರ ಪದವಿಯೇ ಕನಿಷ್ಠ ಅರ್ಹತೆಯಾಗಿದೆ. ಲೋಕವೇ ‘ಬರಿಯ ಬಿ.ಎಸ್‌ಸಿ. ಸಾಲದು’ ಎನ್ನುತ್ತಿರುವಾಗ, ಕನ್ನಡದ ಮನೆಗಳಲ್ಲಿ ‘ಇದಕ್ಕೂ ಎಂ.ಎಸ್‌ಸಿ. ಬೇಕೇ?’ ಎಂದು ಕೇಳುವುದು ವಿಚಿತ್ರವಲ್ಲವೇ? ಇಲ್ಲಿಯ ನೋಂದಣಿ ಅಲ್ಲಿ ತಾನಾಗಿ ಸಲ್ಲುವುದಿಲ್ಲವೆಂಬುದನ್ನೂ, ವಿದೇಶದ ಕನಸುಳ್ಳವರು ಅಲ್ಲಿಯ ನಿಯಮಗಳನ್ನು ಮೊದಲೇ ತಿಳಿದಿರಬೇಕೆಂಬುದನ್ನೂ ಇಲ್ಲಿ ಸೇರಿಸಿ ಹೇಳಬೇಕು.

ನೋಂದಣಿಯ ಅಗತ್ಯವೇನೆಂದು ಕೆಲವರು ಕೇಳಬಹುದು. ಒಂದೆರಡು ವಾರಗಳ ತರಗತಿಗೆ ಹೋಗಿ ಬಂದು, ಹೆಸರಿನ ಮುಂದೆ ‘ಆಹಾರತಜ್ಞ’ ಎಂದು ಬರೆದುಕೊಂಡು, ಪುಡಿ ಡಬ್ಬಿಗಳನ್ನು ಮಾರುತ್ತಾ ಮನೆಮನೆಗೆ ಬರುವವರಿಗೆ ಇಂದು ಬರವಿಲ್ಲ. ಮೊಬೈಲಿನಲ್ಲಿ ಬರುವ ಸಲಹೆಗಳಂತೂ ಅಸಂಖ್ಯ. ಶ್ರಾವಣದಲ್ಲಿಯೋ ನವರಾತ್ರಿಯಲ್ಲಿಯೋ ಇನ್‌ಸುಲಿನ್ ಪ್ರಮಾಣವನ್ನು ಬದಲಿಸದೆ ಉಪವಾಸವಿದ್ದ ಮಧುಮೇಹಿಗೆ ರಕ್ತದ ಸಕ್ಕರೆ ಇಳಿದು ಎಚ್ಚರ ತಪ್ಪಬಹುದು. ಸಂಜೆ ಫರಾಳಿಯೆಂದು ಸಾಬೂದಾಣಿ ಖಿಚಡಿಯನ್ನು ಹೊಟ್ಟೆ ತುಂಬ ಉಂಡರೆ ಅದೇ ಸಕ್ಕರೆ ಏರಿಬಿಡಬಹುದು. ಇಂಥಲ್ಲಿ ತಪ್ಪು ಸಲಹೆಗೆ ಹೊಣೆಗಾರರಾರು? ನೋಂದಾಯಿತರಿಗೆ ಒಂದು ಶಿಸ್ತಿದೆ, ಉತ್ತರಿಸಬೇಕಾದ ಬಾಧ್ಯತೆಯಿದೆ. ಪುಡಿ ಮಾರುವವನಿಗೆ ಅದಾವುದೂ ಇಲ್ಲ.

ಎರಡು ಅಡುಗೆಮನೆಗಳ ಮಗಳು

೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ೧೦ ಕೋಟಿ ೧೦ ಲಕ್ಷ ಜನ ಮಧುಮೇಹಿಗಳಿದ್ದಾರೆ. ಇನ್ನೂ ೧೩ ಕೋಟಿ ೬೦ ಲಕ್ಷ ಜನ ಆ ರೋಗದ ಹೊಸ್ತಿಲಲ್ಲಿದ್ದಾರೆ. ಇವರೆಲ್ಲರಿಗೂ ಮಾತ್ರೆಯಷ್ಟೇ ಮುಖ್ಯವಾದುದು ತಟ್ಟೆ. ಆದರೆ ತಟ್ಟೆಗೆ ಒಂದು ಭಾಷೆಯಿದೆ, ಅದಕ್ಕೊಂದು ಊರಿದೆ.

ಮಗನ ಮನೆಗೆಂದು ಊರಿನಿಂದ ಬಂದು ಅಹಮದಾಬಾದಿನ ಆಸ್ಪತ್ರೆಯೊಂದಕ್ಕೆ ಸೇರಿದ ತಾಯಿಗೆ ಪಥ್ಯದ ಚೀಟಿ ಕೊಡುತ್ತಾರೆ. ಅದರಲ್ಲಿ ದೂಧಿ, ತುರಿಯಾ, ಮಗ್, ಖಾಖರಾ, ಛಾಸ್ ಎಂದಿರುತ್ತದೆ. ದೂಧಿಯೆಂದರೆ ಸೋರೆಕಾಯಿ, ತುರಿಯಾ ಎಂದರೆ ಹೀರೆಕಾಯಿ, ಮಗ್ ಎಂದರೆ ಹೆಸರುಕಾಳು ಎಂದು ಆಕೆಗೆ ತಿಳಿಸುವವರಿಲ್ಲ. ‘ಉಪ್ಪು ಕಡಿಮೆ ಮಾಡಿ’ ಎಂದು ಹೇಳಿರುತ್ತಾರೆ. ಆಕೆ ನಿಷ್ಠೆಯಿಂದ ಸಾರಿಗೆ ಉಪ್ಪು ಕಡಿಮೆ ಹಾಕುತ್ತಾಳೆ. ಸಪ್ಪೆಯಾಯಿತೆಂದು ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿಗಳನ್ನು ಒಂದೊಂದಾಗಿ ಬಡಿಸಿಕೊಳ್ಳುತ್ತಾಳೆ. ದಿನಕ್ಕೆ ಐದು ಗ್ರಾಮಿಗೆ, ಎಂದರೆ ಒಂದು ಚಹಾ ಚಮಚದಷ್ಟಕ್ಕೆ, ಮೀರದಿರಬೇಕಾದ ಉಪ್ಪು ಎಲ್ಲಿಂದ ಬಂದಿತೆಂದು ವೈದ್ಯರಿಗೂ ತಿಳಿಯದು, ಆಕೆಗೂ ತಿಳಿಯದು. ‘ಚಟ್ನಿಪುಡಿ ಹಾಕ್ಕೊಳ್ತೀರಾ ಅಜ್ಜೀ?’ ಎಂಬ ಒಂದು ಪ್ರಶ್ನೆಯನ್ನು ಕೇಳಲು ಅಲ್ಲಿ ಕನ್ನಡದ ಅಡುಗೆಮನೆಯನ್ನು ಬಲ್ಲವರು ಬೇಕು. ಬಸ್ಸಾರನ್ನು ಕುರಿತು ಕೇಳಬೇಕಾದರೂ ಬಸ್ಸಾರೆಂಬುದೊಂದಿದೆಯೆಂದು ಮೊದಲು ತಿಳಿದಿರಬೇಕು.

ಚಾಂದ್‌ಖೇಡಾದಲ್ಲಿ ಬೆಳೆದ ಕನ್ನಡದ ಹುಡುಗಿಗೆ ಈ ತಿಳಿವಳಿಕೆ ಬಾಲ್ಯದಿಂದಲೇ ಬಂದಿರುತ್ತದೆ. ಅವಳು ಮನೆಯಲ್ಲಿ ಮುದ್ದೆ ಸಾರು ಉಂಡು, ಶಾಲೆಯಲ್ಲಿ ಗೆಳತಿಯರ ಡಬ್ಬಿಯಿಂದ ಥೇಪ್ಲಾ ತಿಂದವಳು. ಊರಿನ ರಾಗಿಯೇ ಡಾಂಗ್ ಜಿಲ್ಲೆಯ ಗುಡ್ಡಗಳಲ್ಲಿ ಬೆಳೆಯುವ ನಾಗಲಿ, ಸಜ್ಜೆಯೇ ಬಾಜರಿ, ಜೋಳವೇ ಜುವಾರ್ ಎಂದು ಬಲ್ಲವಳು. ಧಾರವಾಡದ ಮನೆಯಲ್ಲಿ ಸಂಕ್ರಾಂತಿಗೆ ಬಡಿಯುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೂ ಗುಜರಾತಿನ ಚಳಿಗಾಲದ ಬಾಜರಿ ರೋಟಲಾಕ್ಕೂ ಇರುವ ನೆಂಟಸ್ತಿಕೆ ಅವಳಿಗೆ ತಿಳಿದಿದೆ. ಬೆಳಗಿನ ಗಾಂಠಿಯಾ ಎಣ್ಣೆಯಲ್ಲಿ ಕರಿದದ್ದು, ಢೋಕಳಾ ಹಬೆಯಲ್ಲಿ ಬೆಂದದ್ದು ಎಂಬ ವಿವೇಕವೂ ಇದೆ. ಕೊರತೆಯಿರುವುದು ಶಾಸ್ತ್ರದ ಅಭ್ಯಾಸವೊಂದರದೇ. ಅದನ್ನು ಎರಡು ವರ್ಷಗಳ ವ್ಯಾಸಂಗ ಒದಗಿಸಿದರೆ, ಗುಜರಾತಿ ರೋಗಿಗೂ ಕನ್ನಡದ ತಾಯಿಗೂ ಸಮಾನವಾಗಿ ಸೇವೆ ಸಲ್ಲಿಸಬಲ್ಲ ಅಪರೂಪದ ವ್ಯಕ್ತಿಯೊಬ್ಬಳು ಸಿದ್ಧಳಾಗುತ್ತಾಳೆ. ಎರಡು ಭಾಷೆಗಳ ನಡುವೆ ಬೆಳೆದುದನ್ನು ವಲಸೆಗಾರರು ಎಷ್ಟೋ ಸಲ ನಷ್ಟವೆಂದೇ ಭಾವಿಸುತ್ತಾರೆ. ಈ ವೃತ್ತಿಯಲ್ಲಿ ಅದೇ ಬಂಡವಾಳ.

ಆಕ್ಷೇಪಗಳು

ತಂದೆತಾಯಿಗಳ ಆತಂಕಗಳನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಎಂಜಿನಿಯರಿಂಗ್ ಓದಿದವರಿಗೆ ದೊರೆಯುವ ಸಂಬಳ ಆಸ್ಪತ್ರೆಯ ಡಯಟಿಷಿಯನ್ನಳಿಗೆ ಆರಂಭದಲ್ಲಿ ದೊರೆಯುವುದಿಲ್ಲ. ತರಬೇತಿಯ ತಿಂಗಳುಗಳಲ್ಲಿ ಎಷ್ಟೋ ಕಡೆ ವೇತನವಿಲ್ಲ. ವೈದ್ಯರ ಆಜ್ಞಾಪಾಲಕಳೆಂಬಂತೆ ಕಾಣುವ ಆಸ್ಪತ್ರೆಗಳೂ ಇವೆ. ಮದುವೆಯ ವಯಸ್ಸು ಮೀರುವುದೆಂಬ ಚಿಂತೆಯನ್ನು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿಟ್ಟುಕೊಂಡವರು ಅನೇಕರು. ಈ ಹಾದಿ ಹಿಡಿಯುವವರು ಇವನ್ನೆಲ್ಲ ಕಣ್ತೆರೆದು ನೋಡಿಯೇ ಮುಂದಡಿಯಿಡಬೇಕು.

ಆದರೆ ಸಂಬಳವೊಂದನ್ನೇ ಅಳತೆಗೋಲಾಗಿ ಹಿಡಿದರೆ, ಮೊದಲ ತಲೆಮಾರಿನವರು ಊರಿನ ಹೊಲಮನೆ ಬಿಟ್ಟು ಇಷ್ಟು ದೂರ ಬಂದುದು ಮಕ್ಕಳಿಗೆ ತಮ್ಮ ಒಲವಿನ ದಾರಿ ಹಿಡಿಯುವ ಸ್ವಾತಂತ್ರ್ಯವಿರಲೆಂದೇ ಅಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಅಸಾರ್ವಾದ ಸಿವಿಲ್ ಆಸ್ಪತ್ರೆಯ ಆವರಣದಲ್ಲಿ ಮೂತ್ರಪಿಂಡ, ಹೃದಯ, ಅರ್ಬುದ ರೋಗಗಳಿಗೆ ಮೀಸಲಾದ ದೊಡ್ಡ ಸಂಸ್ಥೆಗಳೇ ಇವೆ. ಇಂಥ ರೋಗಗಳು ಹೆಚ್ಚುತ್ತಿರುವ ಕಾಲದಲ್ಲಿ ಪಥ್ಯ ಬಲ್ಲವರ ಅಗತ್ಯ ಕುಗ್ಗುವ ಸಂಭವವಿಲ್ಲ. ಮದುವೆಯಂತೂ, ವಿದ್ಯೆಯನ್ನು ಗೌರವಿಸುವ ಮನೆ ಎರಡು ವರ್ಷ ಕಾಯುತ್ತದೆ. ಕಾಯದ ಮನೆಯಿಂದ ತಪ್ಪಿಸಿಕೊಂಡುದು ಲಾಭವೇ ಸರಿ. ಇದು ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾದ ವೃತ್ತಿಯೂ ಅಲ್ಲ. ಪಂಕ್ತಿಗೆ ನಳಪಾಕ ಬಡಿಸುವ ಗಂಡಸರಿಗೆ ಬೆಲೆಯಿರುವ ಸಮಾಜದಲ್ಲಿ, ಪಥ್ಯ ಹೇಳುವ ಗಂಡಸಿಗೆ ಬೆಲೆಯೇಕಿರಬಾರದು?

ಒಂದು ಎಚ್ಚರಿಕೆಯ ಮಾತು ಮಾತ್ರ ಅವಶ್ಯ. ಹೆಸರಿನಲ್ಲಿ ‘ನ್ಯೂಟ್ರಿಷನ್’ ಎಂದಿರುವ ಎಲ್ಲ ವ್ಯಾಸಂಗಗಳೂ ನೋಂದಣಿಗೆ ದಾರಿಯಾಗುವುದಿಲ್ಲ. ಶುಲ್ಕ ಕಟ್ಟುವ ಮುನ್ನ, ಆ ಪದವಿ ನೋಂದಣಿ ಪರೀಕ್ಷೆಗೆ ಸಲ್ಲುವುದೇ, ಆಸ್ಪತ್ರೆಯ ತರಬೇತಿಗೆ ಏರ್ಪಾಡಿದೆಯೇ, ತನ್ನ ಬಿ.ಎಸ್‌ಸಿ. ವಿಷಯಗಳು ಪ್ರವೇಶಕ್ಕೆ ಸಾಕೇ ಎಂಬ ಮೂರು ಪ್ರಶ್ನೆಗಳನ್ನು ವಿಶ್ವವಿದ್ಯಾಲಯವನ್ನೂ ಅಸೋಸಿಯೇಷನ್ನನ್ನೂ ಬರವಣಿಗೆಯಲ್ಲಿಯೇ ಕೇಳಿ ತಿಳಿಯುವುದು ಕ್ಷೇಮ. ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ. ಹಿಂದಿನ ವರ್ಷ ಸೇರಿದವರ ಮಾತನ್ನೇ ನೆಚ್ಚಿ ಕೂಡುವುದು ತರವಲ್ಲ.

ಸಂಘದ ಹೊಣೆ

ಕನ್ನಡ ಸಂಘಗಳು ರಾಜ್ಯೋತ್ಸವ, ಯುಗಾದಿಗಳನ್ನು ವೈಭವದಿಂದ ಆಚರಿಸುತ್ತವೆ. ಅಂದಿನ ಊಟದಲ್ಲಿ ಹೋಳಿಗೆ, ಚಿತ್ರಾನ್ನ, ಬಿಸಿಬೇಳೆ ಭಾತುಗಳ ಸೊಗಸು ಹೇಳತೀರದು. ಅದೇ ಸಂಘಗಳು ವರ್ಷಕ್ಕೊಂದು ದಿನ ನೋಂದಾಯಿತ ಡಯಟಿಷಿಯನ್ನರೊಬ್ಬರನ್ನು ಕರೆಸಿ, ಮಧುಮೇಹ, ರಕ್ತದೊತ್ತಡಗಳಿರುವ ಹಿರಿಯ ಸದಸ್ಯರಿಗೆ ಸಲಹೆ ಕೊಡಿಸಬಹುದು. ಗುಜರಾತಿ ಪಥ್ಯದ ಚೀಟಿಯಲ್ಲಿ ಬರುವ ಪದಾರ್ಥಗಳ ಕನ್ನಡ ಹೆಸರುಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚಬಹುದು. ಅದಕ್ಕೆ ಆಗುವ ಖರ್ಚು ವೇದಿಕೆಯ ಹೂವಿನ ಹಾರಗಳಿಗೆ ಆಗುವುದಕ್ಕಿಂತ ಕಡಿಮೆಯೇ ಆದೀತು. ಎಂ.ಎಸ್‌ಸಿ. ಓದಲು ಹೊರಟವರಿಗೆ, ಅದರಲ್ಲಿಯೂ ವೇತನವಿಲ್ಲದ ತರಬೇತಿಯ ತಿಂಗಳುಗಳಲ್ಲಿ, ಬಡ್ಡಿಯಿಲ್ಲದ ಸಾಲವನ್ನು ಕೊಡಬಹುದು. ಎಂಜಿನಿಯರಿಂಗ್, ವೈದ್ಯಕೀಯಗಳಲ್ಲಿ ತೇರ್ಗಡೆಯಾದವರಿಗೆ ಶಾಲು ಹೊದಿಸುವ ಸಮಾರಂಭದಲ್ಲಿ, ನೋಂದಣಿ ಪರೀಕ್ಷೆ ಮುಗಿಸಿದ ಹುಡುಗಿಯ ಹೆಸರೂ ಕೇಳಿಬರಬೇಕು. ಗೌರವ ದೊರೆಯದ ವಿದ್ಯೆಯನ್ನು ಯಾವ ಮಕ್ಕಳೂ ಆರಿಸಿಕೊಳ್ಳಲಾರರು.

ಚಾಂದ್‌ಖೇಡಾದ ಆ ಮನೆಯಲ್ಲಿ ಮಾತು ಇನ್ನೂ ಮುಗಿದಿಲ್ಲ. ಮಗಳು ಉತ್ತರಕ್ಕಾಗಿ ಕಾಯುತ್ತಿದ್ದಾಳೆ. ತಂದೆ ಒಪ್ಪಿದರೆ, ಕೆಲವು ವರ್ಷಗಳ ಅನಂತರ ಯಾವುದೋ ಆಸ್ಪತ್ರೆಯ ಹಾಸಿಗೆಯ ಬಳಿ ಆಕೆ ಕುಳಿತು, ‘ಅಜ್ಜೀ, ಬಸ್ಸಾರಿನ ಪಲ್ಯ ಸ್ವಲ್ಪ ತಿನ್ನಿ, ಸಾರು ಮಾತ್ರ ಬೇಡ’ ಎಂದು ತಿಳಿಯುವ ಭಾಷೆಯಲ್ಲಿ, ತಿಳಿದು ಹೇಳುವವಳಾಗುತ್ತಾಳೆ. ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ಹಿರಿಯರ ಮಾತು. ಬಲ್ಲವರಾಗಲು ಹೊರಟ ಮಕ್ಕಳನ್ನು ಹೊಸ್ತಿಲಲ್ಲಿ ತಡೆಯದಿರುವುದು ಆ ಮಾತಿಗೆ ಸಲ್ಲುವ ಮೊದಲ ಗೌರವ.